ಮೂರು ದಿನ ಕಟ್ಟಿಹಾಕಿದ ಕೋಳಿ

ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ಒಂದು ಚರ್ಚ್ ಹಾಲ್‌ನಲ್ಲಿ ಕನ್ನಡದವರ ಊಟದ ಕೂಟ ನಡೆದಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಸ್ಯಾಹಾರಿಗಳಿಗೆ ಒಂದು ಸಾಲು, ಉಳಿದವರಿಗೆ ಇನ್ನೊಂದು. ನಾನು ಸಸ್ಯಾಹಾರಿಗಳ ಸಾಲಿನಲ್ಲಿ ನಿಂತದ್ದನ್ನು ಕಂಡು ಬೆಂಗಳೂರಿನ ಒಬ್ಬರು ಓಡಿ ಬಂದರು. ಒಳ್ಳೆಯ ಮನುಷ್ಯ. "ಸಾರ್, ಈ ಕಡೆ ಬನ್ನಿ, ಚಿಕನ್ ಬಿರಿಯಾನಿ ಹಲಾಲೇ. ನಿಮ್ಮಂಥೋರು ಬರ್ತಾರೆ ಅಂತಾನೇ ಹೇಳಿ ತರಿಸಿದ್ದೀವಿ. ಡಬ್ಬಿ ಮೇಲೆ ಸ್ಟಿಕ್ಕರ್ ಇದೆ, ಬೇಕಾದ್ರೆ ತೋರಿಸ್ತೀನಿ" ಎಂದರು.

ಹೊಟ್ಟೆ ಸರಿಯಿಲ್ಲವೆಂದು ಹೇಳಿ ಅನ್ನ ಸಾರು ಹಾಕಿಸಿಕೊಂಡೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಆ ದುಂಡನೆಯ ಹಸಿರು ಸ್ಟಿಕ್ಕರಿನ ಮಾತು ಬಂದರೆ ಸಾಕು, ನನ್ನ ಹೊಟ್ಟೆ ತೊಳಸುತ್ತದೆ. ಜನ ಅದನ್ನು ನೋಡಿ ನೆಮ್ಮದಿಯಿಂದ ಬಾಯಿಗಿಟ್ಟುಕೊಳ್ಳುತ್ತಾರೆ. ಆ ಸ್ಟಿಕ್ಕರಿನ ಹಿಂದೆ ಆರು ವರ್ಷ ನಿಂತಿದ್ದವನು ನಾನು. ನನ್ನ ಬಾಯಿ, ನನ್ನ ಕೈ, ಕೊನೆಗೆ ನನ್ನ ದನಿ ಮಾತ್ರ. ಅಲ್ಲಿ ನಡೆದದ್ದನ್ನು ಹೇಳಬೇಕಾದರೆ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು.

ಅಪ್ಪ ವಿಜಾಪುರದ ಕಡೆಯ ಒಂದು ಸಣ್ಣ ಹಳ್ಳಿಯ ಮುಲ್ಲಾ. ನಮ್ಮ ಮನೆಯಲ್ಲಿ ಮುಸಲ್ಮಾನಿ ಮಾತೂ ಇತ್ತು, ಕನ್ನಡವೂ ಇತ್ತು. ಆದರೆ ಬೈಯುವುದಾಗಲಿ ಕಲಿಸುವುದಾಗಲಿ ಅಪ್ಪನಿಗೆ ಕನ್ನಡವೇ ಆಗಬೇಕು. ಮಸೀದಿಯಲ್ಲಿ ಬಾಂಗು ಕೊಡುವುದರ ಜೊತೆಗೆ ಊರಿನ ಕೋಳಿ ಕುರಿ ಕೊಯ್ಯುವುದು ಅವನ ಕೆಲಸ. ನಮ್ಮವರದಷ್ಟೇ ಅಲ್ಲ. ಕುರುಬರ ಮನೆಯಲ್ಲಿ, ಮರಾಠರ ಮನೆಯಲ್ಲಿ, ತಳವಾರರ ಮನೆಯಲ್ಲಿ ಅಡುಗೆಗೆ ಕೋಳಿ ಕೊಯ್ಯಬೇಕಾದರೂ ಮುಲ್ಲಾನಿಗೆ ಹೇಳಿ ಕಳಿಸುತ್ತಿದ್ದರು. ಯಾರೂ ತಾವಾಗಿ ಕತ್ತಿ ಹಿಡಿಯುತ್ತಿರಲಿಲ್ಲ. ಮುಲ್ಲಾ ಕೊಯ್ಯದ ಕೋಳಿಯನ್ನು ಹಿಂದೂಗಳ ಮನೆಯ ಮುದುಕಿಯರು ಒಲೆಯ ಮೇಲೆ ಏರಿಸಲು ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಹಂಗೇ ನಡೆದು ಬಂದೈತಿ ಅನ್ನುತ್ತಿದ್ದರು. ಕೊಯ್ದವನಿಗೆ ಕೋಳಿಯ ಕುತ್ತಿಗೆಯ ತುಂಡು ಪಾಲು. ಬೇಯಿಸಿ, ಖಾರ ಹಚ್ಚಿ, ಎಲೆಯಲ್ಲಿ ಸುತ್ತಿ ನಮ್ಮ ಮನೆಗೆ ಕಳಿಸುತ್ತಿದ್ದರು.

ಅಪ್ಪನ ಹತ್ತಿರ ಕೋಳಿ ಕೊಯ್ಯಿಸುವುದು ಸುಲಭವಾಗಿರಲಿಲ್ಲ. ಮೊದಲು ಪ್ರಶ್ನೆ. "ಎಲ್ಲಿ ಮೇಯ್ತೈತಿ ಇದು?" ತಿಪ್ಪೆಯ ಮೇಲೆ ಕೆದರಿ ಹೊಲಸು ತಿಂದು ಬೆಳೆದದ್ದಾದರೆ ಮೂರು ದಿನ ಕಟ್ಟಿಹಾಕಬೇಕು. ಜೋಳ, ಸಜ್ಜೆ, ಒಳ್ಳೆಯ ನೀರು ಕೊಡಬೇಕು. ಹೊಟ್ಟೆಯೊಳಗಿನ ಹೊಲಸು ಹೋಗಿ ಮೈ ಚೊಕ್ಕ ಆದ ಮೇಲೆಯೇ ಕತ್ತಿ. ಹಳೆಯ ಶಾಸ್ತ್ರ ಅದು, ಕಿತಾಬುಗಳಲ್ಲಿಯೂ ಇದೆಯಂತೆ. ಎಷ್ಟೋ ಕಡೆ ಜನ ಮರೆತಿದ್ದರು, ಅಪ್ಪ ಮರೆತಿರಲಿಲ್ಲ. ಒಮ್ಮೆ ಊರ ಗೌಡರ ಮನೆಗೆ ಅಳಿಯ ಬಂದು ಕೂತಿದ್ದಾನೆ, ಒಲೆ ಹೊತ್ತಿದೆ, ಮಸಾಲೆ ಅರೆದಾಗಿದೆ. ಅಪ್ಪ ಹೋಗಿ ಕೋಳಿಯ ಕಾಲು ಎತ್ತಿ ನೋಡಿ, ಮೂಸಿ, "ಮೂರು ದಿನ ಬಿಟ್ಟು ಬರ್ತೀನ್ರಿ" ಎಂದು ಹೊರಟುಬಂದ. ಗೌಡರು ಕೂಗಾಡಿದರು. ಅಳಿಯ ಆವತ್ತು ಝುಣಕ ರೊಟ್ಟಿ ತಿಂದ. ಗೌಡರು ತಿಂಗಳೊಪ್ಪತ್ತು ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಆದರೂ ಮುಂದಿನ ಸಲ ಹೇಳಿ ಕಳಿಸಿದ್ದು ಅಪ್ಪನಿಗೇ.

ನನಗೆ ಹದಿನಾಲ್ಕು ತುಂಬಿದಾಗ ಅಪ್ಪ ಕತ್ತಿ ಕೊಟ್ಟ. ಕತ್ತಿಯ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಆಡಿಸಬೇಕು, ಎಲ್ಲೂ ತಡೆಯಬಾರದು. ಕೋಳಿಗೆ ನೀರು ಕುಡಿಸಬೇಕು. ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು. ಕತ್ತಿ ಅದರ ಕಣ್ಣಿಗೆ ಬೀಳಬಾರದು. ಎಡ ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಪುಕ್ಕ ಬೆರಳಿನಿಂದ ಸರಿಸಿ, ದೇವರ ಹೆಸರು ಹೇಳಬೇಕು. "ಹೇಳಿದ ಮ್ಯಾಲ ಒಂದು ಉಸುರು ಬಿಡು" ಎನ್ನುತ್ತಿದ್ದ ಅಪ್ಪ. "ಆ ಒಂದು ಉಸುರಿನಾಗ ನಿನಗ ಗೊತ್ತಾಗಬೇಕು, ನೀ ಏನ ಮಾಡಾಕತ್ತೀ ಅಂತ. ಗೊತ್ತಾಗಲಿಲ್ಲಂದ್ರ ಕತ್ತಿ ಕೆಳಗಿಡು." ಆ ದಿನ ಮಧ್ಯಾಹ್ನ ಅಪ್ಪ ತನ್ನ ಪಾಲಿನ ಕುತ್ತಿಗೆಯ ತುಂಡನ್ನು ನನ್ನ ತಟ್ಟೆಗೆ ಹಾಕಿದ. ಅವ್ವ ನಕ್ಕಳು. ನನಗೆ ಆವತ್ತು ಆದ ಹೆಮ್ಮೆ ಮುಂದೆ ಪಾಸ್‌ಪೋರ್ಟ್ ಕೈಗೆ ಬಂದಾಗಲೂ ಆಗಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೆಂಡತಿಯ ಸೋದರಮಾವನ ಆಸರೆಯಿಂದ ನಾವಿಬ್ಬರೂ ಲಂಡನ್ನಿನ ಅಂಚಿನ ಹೇಸ್‌ಗೆ ಬಂದೆವು. ಸಾಲುಮನೆಯೊಂದರಲ್ಲಿ ಕೆಳಗಿನ ಎರಡು ಕೋಣೆ, ಹಿಂದೆ ಕಾಂಕ್ರೀಟು ಹಾಸಿದ ಪುಟ್ಟ ಅಂಗಳ. ಪಕ್ಕದ ಸೌತ್‌ಹಾಲ್‌ನ ಮಸೀದಿಯೊಂದರಲ್ಲಿ ನಾನು ಮುಲ್ಲಾನ ಮಗನೆಂದು ಗೊತ್ತಾದ ಕೂಡಲೇ ಒಬ್ಬರು ಕೆಲಸ ಹುಡುಕಿಕೊಟ್ಟರು. ಊರಾಚೆ ಒಂದು ಕೋಳಿ ಫ್ಯಾಕ್ಟರಿ. ಬೆಳಗ್ಗೆ ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ಅಪ್ಪನಿಗೆ ಕಾಗದ ಬರೆದೆ. ಇಲ್ಲಿಯೂ ನಿನ್ನ ಕೆಲಸವೇ ಸಿಕ್ಕಿತು ಅಂತ. ಅಪ್ಪ ಆ ಕಾಗದವನ್ನು ಊರಿಗೆಲ್ಲ ಓದಿಸಿದನಂತೆ.

ಮೊದಲ ದಿನ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಕಡೆ ಲಾರಿ. ಲಾರಿಯ ತುಂಬ ಪ್ಲಾಸ್ಟಿಕ್ ಕ್ರೇಟುಗಳು, ಕ್ರೇಟುಗಳ ತುಂಬ ಬಿಳಿ ಕೋಳಿಗಳು, ಒಂದರ ಮೈಮೇಲೆ ಇನ್ನೊಂದರ ಹಿಕ್ಕೆ. ನೀಲಿ ದೀಪದ ಒಂದು ಕೋಣೆಯಲ್ಲಿ ನಾಲ್ಕು ಜನ ಅವುಗಳ ಕಾಲು ಹಿಡಿದು ಎತ್ತಿ, ಓಡುವ ಸರಪಳಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ತಲೆ ಕೆಳಗಾಗಿ ನೇತಾಡುತ್ತ ಅವು ಕರೆಂಟು ಬಿಟ್ಟ ನೀರಿನ ತೊಟ್ಟಿಯಲ್ಲಿ ತಲೆ ಅದ್ದಿಕೊಂಡು ನನ್ನ ಮುಂದೆ ಬರುತ್ತವೆ. ಕೆಲವು ಮೈ ಬಿಟ್ಟು ಜೋತುಬಿದ್ದಿರುತ್ತವೆ, ಕೆಲವು ಇನ್ನೂ ರೆಕ್ಕೆ ಬಡಿಯುತ್ತಿರುತ್ತವೆ. ಅವು ದಾಟಿಹೋಗುವ ಮೊದಲು ನಾನು ಹೆಸರು ಹೇಳಬೇಕು, ಕೊಯ್ಯಬೇಕು. ಸರಪಳಿ ಯಾರಿಗೂ ನಿಲ್ಲುವುದಿಲ್ಲ. ಆಚೆ ಕಡೆ ಬಿಸಿನೀರಿನ ತೊಟ್ಟಿ. ಅದರ ವಾಸನೆಯನ್ನು ಹೇಗೆ ಹೇಳಲಿ? ಒದ್ದೆ ಪುಕ್ಕ, ಬೆಂದ ಹಿಕ್ಕೆ, ಕ್ಲೋರಿನ್ನು, ಬಿಸಿ ರಕ್ತ ಎಲ್ಲ ಸೇರಿ ಗಂಟಲಿನೊಳಗೆ ಒಂದು ಜಿಡ್ಡು ಕೂರುತ್ತಿತ್ತು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರೂ ಹೆಂಡತಿ ಪಕ್ಕಕ್ಕೆ ಸರಿಯುತ್ತಿದ್ದಳು. ಬೇಸರದಿಂದಲ್ಲ ಪಾಪ, ಮೂಗು ತಡೆಯುತ್ತಿರಲಿಲ್ಲ.

ಮೊದಲ ವಾರ ನಾನು ಪ್ರತಿಯೊಂದಕ್ಕೂ ಪೂರ್ತಿ ಹೆಸರು ಹೇಳಲು ನೋಡಿದೆ. ಒಂದು ಉಸಿರು ಬಿಡಲು ನೋಡಿದೆ. ಆ ಉಸಿರಿನಲ್ಲಿ ಮೂರು ಕೋಳಿ ದಾಟಿಹೋದವು. ಸೂಪರ್‌ವೈಸರ್ ಬಂದು ಗಡಿಯಾರ ತೋರಿಸಿದ. ಎರಡನೆಯ ವಾರ ಉಸಿರು ಬಿಟ್ಟೆ, ಅಂದರೆ ಆ ಉಸಿರು ಬಿಡುವುದನ್ನೇ ಬಿಟ್ಟುಬಿಟ್ಟೆ. ತಿಂಗಳಾಗುವುದರೊಳಗೆ ನನ್ನ ಬಾಯಿಂದ ಬರುತ್ತಿದ್ದದ್ದು ಮಾತಲ್ಲ, ಒಂದು ಗುಂಯ್‌ಗುಟ್ಟುವಿಕೆ. ಬಿಸ್ಮಿಲ್ಲಾ ಎಲ್ಲಿ ಮುಗಿಯಿತು, ಅಲ್ಲಾಹು ಅಕ್ಬರ್ ಎಲ್ಲಿ ಶುರುವಾಯಿತು ಎನ್ನುವುದು ನನಗೇ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು. ಎದುರು ಕೂತವರು ನಾನು ಬಹಳ ದೈವಭಕ್ತನೆಂದು ತಿಳಿದಿರಬೇಕು. ಥೂ.

ಮೂರು ವರ್ಷದ ಮೇಲೆ ಅದೂ ಹೋಯಿತು. ದುಂಡನೆಯ ಬ್ಲೇಡು ಬಂತು. ಕೋಳಿಗಳು ಬರುತ್ತವೆ, ಬ್ಲೇಡು ತಿರುಗುತ್ತದೆ. ನಾನು ಬೆಳಗ್ಗೆ ಹೆಸರು ಹೇಳಿ ಗುಂಡಿ ಒತ್ತಬೇಕು, ಆಮೇಲೆ ಹೇಳುತ್ತ ನಿಂತಿರಬೇಕು, ಬ್ಲೇಡಿಗೆ ಸಿಗದೆ ತಪ್ಪಿಸಿಕೊಂಡವನ್ನು ಕಂಪನಿಯ ಚಾಕುವಿನಿಂದ ಕೊಯ್ಯಬೇಕು. ನನ್ನ ಗಂಟಲು ಕಟ್ಟಿ ಎರಡು ದಿನ ಮನೆಯಲ್ಲಿ ಮಲಗಿದ್ದಾದ ಮೇಲೆ ಸೂಪರ್‌ವೈಸರ್ ಒಂದು ಟೇಪ್‌ರೆಕಾರ್ಡರ್ ತಂದ. ಪ್ರೀತಿಯಿಂದಲೇ ತಂದ, ನನಗೆ ಸುಲಭವಾಗಲಿ ಅಂತ. ಅದರ ಮುಂದೆ ಒಂದು ಕ್ಯಾಸೆಟ್ ತುಂಬುವಷ್ಟು ಹೊತ್ತು ನಾನು ಹೆಸರು ಹೇಳಿದೆ. ಅಂದಿನಿಂದ ನನ್ನ ದನಿಯೇ ಲೈನಿನ ಮೇಲೆ ನಿಂತಿತು. ನಾನು ಕ್ಯಾಂಟೀನಿನಲ್ಲಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಾಗ ಅತ್ತ ನನ್ನ ದನಿ ಕೋಳಿ ಕೊಯ್ಯುತ್ತಿತ್ತು. ವರ್ಷಕ್ಕೊಮ್ಮೆ ಹಲಾಲ್ ಸರ್ಟಿಫಿಕೇಟು ಕೊಡುವ ಸಂಸ್ಥೆಯಿಂದ ಒಬ್ಬರು ಬರುತ್ತಿದ್ದರು. ಆಫೀಸಿನಲ್ಲಿ ಕೂತು ಊಟ ಮಾಡಿ, ಬಿಳಿ ಕೋಟು ಹಾಕಿಕೊಂಡು ಕಿಟಕಿಯಿಂದ ಒಳಗೆ ಇಣುಕಿ, ಮೂಗಿಗೆ ಕರ್ಚೀಫು ಹಿಡಿದು ಸಹಿ ಮಾಡಿ ಹೋಗುತ್ತಿದ್ದರು.

ಯಾಕೆ ಬಿಡಲಿಲ್ಲ ಎಂದು ಕೇಳಬಹುದು. ವ್ಯಾನ್ ಮನೆ ಬಾಗಿಲಿಗೆ ಬರುತ್ತಿತ್ತು. ಬೇರೆ ಕೆಲಸ ಹುಡುಕಲು ಇಂಗ್ಲಿಷು ಸಾಲದು. ಎಲ್ಲಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಅಪ್ಪ ಹೇಳಿಕೊಂಡು ತಿರುಗುತ್ತಿದ್ದ. ನನ್ನ ಮಗ ಲಂಡನ್ನಿಗೆ ಮುಲ್ಲಾ ಆಗ್ಯಾನ ಅಂತ.

ಲಂಡನ್ನಿಗಲ್ಲ, ಪಕ್ಕದ ಮನೆಗಂತೂ ಆಗಿದ್ದೆ. ಗೋಡೆಯಾಚೆ ಬೆಳಗಾವಿ ಕಡೆಯ ಒಂದು ಹಿಂದೂ ಕುಟುಂಬವಿತ್ತು. ಗಂಡ ಏರ್‌ಪೋರ್ಟಿನ ಹತ್ತಿರದ ಗೋದಾಮಿನಲ್ಲಿ, ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ. ಆ ಹೆಣ್ಣುಮಗಳು ಬಂದ ಹೊಸದರಲ್ಲಿ ಸೂಪರ್‌ಮಾರ್ಕೆಟ್ಟಿನ ಕೋಳಿ ಮುಟ್ಟಲಾರದೆ ಬರೀ ಮೊಟ್ಟೆ ತಿಂದುಕೊಂಡಿದ್ದಳು. ಅವರ ಊರಿನಲ್ಲೂ ಮುಲ್ಲಾನೇ ಕೊಯ್ಯುವುದು. ನಾನು ಯಾರ ಮಗನೆಂದು ಗೊತ್ತಾದ ದಿನ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. "ನಮ್ಮ ಪುಣ್ಯಾ ನೋಡ್ರಿ ಅಣ್ಣಾರ, ಗ್ವಾಡಿ ಬಾಜೂಕ ಮುಲ್ಲಾ ಸಿಕ್ಕ!" ಕೆಲಸಗಾರರಿಗೆ ವಾರಕ್ಕೊಂದು ಕೋಳಿಯ ಪೆಟ್ಟಿಗೆ ಕೊಡುತ್ತಿದ್ದರು. ಅದರಲ್ಲಿ ಅರ್ಧ ಅವಳ ಮನೆಗೆ ಹೋಗುತ್ತಿತ್ತು. ಬದಲಿಗೆ ಅವಳು ಮೆಂತ್ಯ ಸೊಪ್ಪು, ಮೂಲಂಗಿ ಕೊಡುತ್ತಿದ್ದಳು. ಕೌನ್ಸಿಲ್‌ನವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಅಲಾಟ್‌ಮೆಂಟಿನಲ್ಲಿ ಅವಳಿಗೊಂದು ತುಂಡು ನೆಲವಿತ್ತು. ಪ್ರತಿ ವಾರ ಅವಳು ಪೆಟ್ಟಿಗೆ ತೆಗೆದುಕೊಳ್ಳುವಾಗ ಅದೇ ಮಾತು ಹೇಳುತ್ತಿದ್ದಳು, ನಿಮ್ಮ ಕೈಲೆ ಕೊಯ್ದದ್ದು ಅಂದ್ರ ನಮಗ ಚಿಂತಿಲ್ಲ ಅಂತ. ಪ್ರತಿ ವಾರ ನಾನು ನಗುತ್ತಿದ್ದೆ. ಆ ನಗು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನ್ನಿಸುತ್ತದೆ.

ಆರನೆಯ ವರ್ಷ ಅಪ್ಪ ಬಂದ. ಟಿವಿಯಲ್ಲಿ ಹುಚ್ಚು ಹಿಡಿದ ದನಗಳ ಸುದ್ದಿ ಇನ್ನೂ ಬರುತ್ತಿದ್ದ ಕಾಲ. ನಾಲ್ಕು ಕಾಲಿನ ಮೇಲೆ ನಿಲ್ಲಲಾರದೆ ಜಾರಿ ಬೀಳುತ್ತಿದ್ದ ಒಂದು ಹಸುವನ್ನು ಅಪ್ಪ ಬಂದ ಎರಡನೆಯ ದಿನವೇ ನೋಡಿದ. ಏನಾಗೈತಿ ಅದಕ ಎಂದು ಕೇಳಿದ. ಸತ್ತ ದನದ ಎಲುಬು ಮಾಂಸ ಪುಡಿಮಾಡಿ ಬದುಕಿದ ದನಕ್ಕೆ ತಿನ್ನಿಸಿದ್ದರಂತೆ ಎಂದೆ. ಅಪ್ಪನಿಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಿಸಿದ. "ಆಕಳಕ ಆಕಳ ತಿನಸಿದ್ರ?" ಎಂದ ಕೊನೆಗೆ. "ತಿಪ್ಪಿ ಕೋಳಿಗೇ ನಾ ಮೂರು ದಿನ ಹೇಳ್ತೀನಿ. ಇದಕ್ಕ ಎಷ್ಟು ದಿನ ಹೇಳಬೇಕೋ?" ಅವತ್ತಿನಿಂದ ದನದ ಮಾಂಸ ಬೇಡವೆಂದ. "ಕೋಳಿ ಸಾಕು. ನೀ ಕೊಯ್ದದ್ದು ಐತಲ್ಲ."

ತಿಂದ. ಮೂರು ವಾರ ತಿಂದ. ಹೆಂಡತಿ ಕೆಂಪು ಮೆಣಸಿನಕಾಯಿ, ಕೊಬ್ಬರಿ ಹುರಿದು ಅರೆದು ಊರಿನ ಹಾಗೆಯೇ ಮಾಡುತ್ತಿದ್ದಳು. ಅಪ್ಪನಿಗೆ ಪ್ರತಿ ತುತ್ತಿಗೂ ಆಗುತ್ತಿದ್ದ ಸಂತೋಷ ಮುಖದ ಮೇಲೆ ಕಾಣುತ್ತಿತ್ತು. ಕೋಳಿಯ ರುಚಿಯ ಸಂತೋಷವಲ್ಲ ಅದು. ರುಚಿ ಇರಲಿಲ್ಲವೆಂದು ಅವನೇ ಹೇಳಿದ್ದ. ಅದು ನನ್ನ ಕೈಯ ಸಂತೋಷ. ನನ್ನ ಪಾಲಿನ ತುಂಡನ್ನು ನಾನು ಹೆಂಡತಿಯ ತಟ್ಟೆಗೆ ಸರಿಸುತ್ತಿದ್ದೆ. ಅಪ್ಪನಿಗೆ ಗೊತ್ತಾದರೆ? ಅದೊಂದೇ ಯೋಚನೆ. ಅವನು ನನಗೆ ಕೊಟ್ಟಿದ್ದ ಒಂದೇ ಒಂದು ವಿದ್ಯೆಯನ್ನು ನಾನು ಏನು ಮಾಡಿದ್ದೇನೆಂದು ಗೊತ್ತಾದರೆ ಅವನು ನನ್ನನ್ನು ಮತ್ತೆ ಹೇಗೆ ನೋಡುತ್ತಾನೆ?

ಆದರೆ ಅವನು ಮುಲ್ಲಾ. ಅವನ ಕಣ್ಣಿಗೆ ಎಷ್ಟು ದಿನ ಮಣ್ಣೆರಚುವುದು? ಮೊದಲು ಎಲುಬು. ಊರಿನಲ್ಲಿ ಅಪ್ಪ ಕೋಳಿಯ ಎಲುಬನ್ನು ಅಗಿದು ರಸ ಹೀರುವವನು, ಕಟಕಟ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಇಲ್ಲಿ ಎಲುಬು ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಯಿತು. ತುದಿಯನ್ನು ಬೆರಳಿನಲ್ಲಿ ಒತ್ತಿ ನೋಡಿ, "ಎಷ್ಟು ತಿಂಗಳಿನದು?" ಎಂದ.

"ತಿಂಗಳಲ್ಲ ಅಪ್ಪಾ. ಐದಾರು ವಾರ."

"ಅಂದ್ರ ಮರಿ?"

"ಮರಿನಽ. ಮೈ ಮಾತ್ರ ದೊಡ್ಡದು."

ಅಪ್ಪ ಆ ಎಲುಬನ್ನು ತಟ್ಟೆಯ ಅಂಚಿಗಿಟ್ಟ. ಮತ್ತೊಂದು ದಿನ ಹೆಂಡತಿ ಕೋಳಿ ತೊಳೆಯುತ್ತಿದ್ದಾಗ ಅವನು ಪಕ್ಕದಲ್ಲಿ ನಿಂತಿದ್ದ. ಕಾಲಿನ ಗೆಣ್ಣಿನ ಮೇಲೆ ಕಂದು ಕಲೆ, ಪ್ರತಿಯೊಂದು ಕಾಲಿನ ಮೇಲೂ ಒಂದೇ ಜಾಗದಲ್ಲಿ. "ಇದೇನ ಸುಟ್ಟ ಗಾಯ?" ಎಂದು ಕೇಳಿದ. ಅದು ಏನೆಂದು ನನಗೆ ಗೊತ್ತಿತ್ತು. ಮೈ ಭಾರಕ್ಕೆ ನಿಲ್ಲಲಾರದೆ ಆ ಮರಿಗಳು ತಮ್ಮದೇ ಹಿಕ್ಕೆಯ ಮೇಲೆ ವಾರಗಟ್ಟಲೆ ಕೂತಿರುತ್ತವೆ. ಹಿಕ್ಕೆಯ ಖಾರಕ್ಕೆ ಚರ್ಮ ಬೇಯುತ್ತದೆ. ಫ್ಯಾಕ್ಟರಿಯಲ್ಲಿ ಚೆನ್ನಾಗಿ ಕಾಣುವವುಗಳನ್ನು ಅಂಗಡಿಗೆ ಕಳಿಸಿ, ಕಲೆ ಬಿದ್ದವನ್ನು ನಮ್ಮ ಪೆಟ್ಟಿಗೆಗೆ ಹಾಕುತ್ತಿದ್ದರು. "ಫ್ರಿಜ್ಜಿನಾಗ ಇಟ್ಟದ್ದಕ್ಕ ಹಂಗ ಆಗತೈತಿ ಅಪ್ಪಾ" ಎಂದೆ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಅಪ್ಪ ಬೆರಳಿನಿಂದ ಆ ಕಲೆಯನ್ನು ಉಜ್ಜಿ, ಬೆರಳನ್ನು ಮೂಗಿನ ಹತ್ತಿರ ತಂದ. ಆವತ್ತು ಸಾರನ್ನು ಮಾತ್ರ ಹಾಕಿಸಿಕೊಂಡ.

ಆ ವಾರ ಪಕ್ಕದ ಮನೆಯವಳು ಅಪ್ಪನನ್ನು ಮಾತಾಡಿಸಲು ಬಂದಾಗ, "ಯವ್ವಾ, ಜೀವ ಇರೂ ಕೋಳಿ ಎಲ್ಲ್ಯರ ಸಿಗತೈತೇನು?" ಎಂದು ಅವನೇ ಕೇಳಿದ.

"ಸಿಗತೈತ್ರಿ ಕಾಕಾ. ನನ್ನ ಅಲಾಟ್‌ಮೆಂಟಿನ ಬಾಜೂಕ ಒಬ್ಬ ಇಂಗ್ಲಿಷ್ ಮುದುಕ ಸಾಕ್ಯಾನ. ತತ್ತಿ ಇಡೂದು ನಿಲ್ಲಿಸಿದ್ದು ಒಂದೆರಡು ಅದಾವು ಅಂತಿದ್ದ. ಯಾಕ್ರಿ?"

"ನನ್ನ ಮಗನ ಕೈ ನೋಡಬೇಕಾಗೈತಿ" ಎಂದ ಅಪ್ಪ, ನಗುತ್ತ. ಅದರೊಳಗೆ ಅನುಮಾನವಿತ್ತೋ ಬರೀ ಆಸೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಗುರುವಾರ ಅವಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ಹೇಂಟೆಯನ್ನು ತಂದುಕೊಟ್ಟಳು. ಮುದುಕನ ಗೊಬ್ಬರದ ಗುಂಡಿಯಲ್ಲಿ ಕೆದರುತ್ತದೆ ಎಂದಳು. ಸರಿ, ಮೂರು ದಿನ. ಅಪ್ಪ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಹಳೆಯ ಹಣ್ಣಿನ ಪೆಟ್ಟಿಗೆಯೊಂದನ್ನು ಇಟ್ಟು, ಹೇಂಟೆಯ ಕಾಲಿಗೆ ಬಟ್ಟೆಯ ದಾರ ಕಟ್ಟಿ ಕೂಡಿಸಿದ. ನಮ್ಮ ಹಿಟ್ಟಿನ ಡಬ್ಬಿಯ ಹತ್ತಿರ ಸೌತ್‌ಹಾಲ್‌ನಿಂದ ತಂದ ಸಜ್ಜೆ ಇತ್ತು, ಅದನ್ನೇ ಹಾಕಿದ. ದಿನಕ್ಕೆ ಎರಡು ಸಲ ಕೆಳಗಿನ ಕಾಗದ ಬದಲಿಸಿದ. ಮಂಕಿ ಟೋಪಿ ಹಾಕಿಕೊಂಡು, ನನ್ನ ಹಳೆಯ ಜಾಕೆಟ್ ತೊಟ್ಟು, ಆ ಚಳಿಯಲ್ಲಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಏನೇನೋ ಮಾತಾಡುತ್ತಿದ್ದ. ಬೇಗ ಬೇಗ ತಿನ್ನಬ್ಯಾಡ, ಯಾರೂ ಕಸಗೊಳ್ಳೂದಿಲ್ಲ ಎನ್ನುತ್ತಿದ್ದ. ಶುಕ್ರವಾರ, ಶನಿವಾರ ನಾನು ವ್ಯಾನ್ ಹತ್ತಿ ಹೋಗುವಾಗ ಅವನು ಅಲ್ಲಿಯೇ ಇದ್ದ. ಬಂದಾಗಲೂ ಅಲ್ಲಿಯೇ ಇದ್ದ. ಒಂದು ಕೋಳಿಗೆ ಒಬ್ಬ ಮನುಷ್ಯ ಮೂರು ದಿನ ಕೊಟ್ಟಿದ್ದ. ಅದೇ ದಿನಗಳಲ್ಲಿ ನನ್ನ ಮುಂದೆ ಎಷ್ಟು ದಾಟಿದವೋ ನನಗೆ ಗೊತ್ತಿಲ್ಲ, ಮಶೀನಿಗೆ ಗೊತ್ತಿರಬೇಕು. ಶನಿವಾರ ಕ್ಯಾಂಟೀನಿನ ಬಾಗಿಲು ತೆರೆದಿತ್ತು. ಲೈನಿನ ಕಡೆಯಿಂದ ಗುಂಯ್ ಎನ್ನುವ ನನ್ನ ದನಿ ಕೇಳಿಸುತ್ತಿತ್ತು. ಎದ್ದು ಹೋಗಿ ಬಾಗಿಲು ಹಾಕಿದೆ. ಚಹಾ ಮುಗಿಸದೆ ಸಿಂಕಿಗೆ ಸುರಿದೆ.

ರವಿವಾರ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಅಪ್ಪ ತನ್ನ ಚೀಲದಿಂದ ಒಂದು ಸಾಣೆಕಲ್ಲು ತೆಗೆದ. ನನಗೆಂದೇ ಊರಿನಿಂದ ಹೊತ್ತು ತಂದಿದ್ದನಂತೆ. "ನಿನ್ನ ಕತ್ತಿ ತಾ" ಎಂದ.

ಆರು ವರ್ಷ ಕೋಳಿ ಕೊಯ್ದ ಮುಲ್ಲಾನ ಮಗನ ಮನೆಯಲ್ಲಿ ಕತ್ತಿ ಇರಲಿಲ್ಲ. ಕಂಪನಿಯ ಚಾಕು ಕಂಪನಿಯಲ್ಲೇ ಇರತೈತಿ ಎಂದೆ. ಅಪ್ಪ ನನ್ನ ಹೆಂಡತಿಯ ಹತ್ತಿರ ಈರುಳ್ಳಿ ಹೆಚ್ಚುವ ಚಾಕುವನ್ನೇ ಇಸಿದುಕೊಂಡು, ಉಗುರಿನ ಮೇಲೆ ಆಡಿಸಿ, ಮುಖ ಸಿಂಡರಿಸಿ, ಅರ್ಧ ಗಂಟೆ ಮಸೆದ. ಪಕ್ಕದ ಮನೆಯವಳು ಬೇಲಿಯ ಹಲಗೆಯ ಮೇಲಿಂದ ಇಣುಕುತ್ತ ನಿಂತಿದ್ದಳು. "ಊರಾಗ ನಿಂತಂಗಽ ಆಗೈತ್ರಿ ಕಾಕಾ" ಎಂದಳು. ಅಪ್ಪ ಹೇಂಟೆಗೆ ನೀರು ಕುಡಿಸಿ, ದಾರ ಬಿಚ್ಚಿ, ನನ್ನ ಕೈಗೆ ಕೊಟ್ಟ. ಚಾಕುವನ್ನು ಬೆನ್ನ ಹಿಂದಿನಿಂದ, ಅದಕ್ಕೆ ಕಾಣದ ಹಾಗೆ ನನ್ನ ಇನ್ನೊಂದು ಕೈಗಿತ್ತ. "ಕೊಯ್ಯಿ. ನಾ ನೋಡತೀನಿ."

ಆ ಹೇಂಟೆ ಬೆಚ್ಚಗಿತ್ತು. ಫ್ಯಾಕ್ಟರಿಯಲ್ಲಿ ಗ್ಲೌಸಿನೊಳಗೆ ಕೋಳಿಯ ಬಿಸಿ ಎಂದೂ ತಿಳಿದಿರಲಿಲ್ಲ. ಅದರ ಎದೆ ನನ್ನ ಅಂಗೈಯಲ್ಲಿ ಬಡಿಯುತ್ತಿತ್ತು. ನಾನು ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಲಗಿಸಬೇಕು, ಪುಕ್ಕ ಸರಿಸಬೇಕು, ಹೆಸರು, ಉಸಿರು. ಆದರೆ ಕೈಗೆ ಬೇರೆಯೇ ಗೊತ್ತಿತ್ತು. ನನ್ನ ಎಡಗೈ ಅದರ ಎರಡೂ ಕಾಲು ಹಿಡಿದು ಮೇಲಕ್ಕೆತ್ತಿತು. ತಲೆ ಕೆಳಗಾಗಿ, ರೆಕ್ಕೆ ಬಿಚ್ಚಿ, ಅದು ಕೊಕ್ಕೆಗೆ ಸಿಕ್ಕಿಸಿದ ಹಾಗೆ ನನ್ನ ಮುಂದೆ ನೇತಾಡಿತು. ಕಿರುಚಿತು. ನನ್ನ ಬಾಯಿಯೂ ತೆರೆದುಕೊಂಡಿತು. ಹೆಸರು ಬಂತು, ಮತ್ತೆ ಬಂತು, ಮತ್ತೆ ಮತ್ತೆ ಬಂತು, ಒಂದರ ಬಾಲಕ್ಕೆ ಇನ್ನೊಂದು, ನಡುವೆ ಉಸಿರಿಲ್ಲದೆ. ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ. ಚಾಕು ಹಿಡಿದ ಕೈ ಇನ್ನೂ ಕೋಳಿಯನ್ನು ಮುಟ್ಟಿರಲಿಲ್ಲ, ಅಡ್ಡಡ್ಡ ಗಾಳಿಯನ್ನು ಕೊಯ್ಯುತ್ತಿತ್ತು.

"ಇಳಸು" ಎಂದ ಅಪ್ಪ.

ನನಗೆ ಕೇಳಿತು. ಆದರೂ ಬಾಯಿ ಓಡುತ್ತಲೇ ಇತ್ತು.

ಅಪ್ಪ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದ. ಗದರಿಸಲಿಲ್ಲ. ಜ್ವರ ಬಂದ ಮಗುವಿನ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಕೇಳಿದ. "ಒಂದಽ ಐತಲ್ಲೋ ಮಗನ. ಯಾಕ ಇಷ್ಟು ಗಡಿಬಿಡಿ?"

ಅದನ್ನು ಕೇಳಿ ಬಾಯಿ ನಿಂತಿತು.

ಅವನು ಹೇಂಟೆಯನ್ನು ತೆಗೆದುಕೊಂಡು, ಎದೆಗೊತ್ತಿಕೊಂಡು, ಅದರ ಕೂಗು ನಿಲ್ಲುವ ತನಕ ಬೆನ್ನು ಸವರಿದ. ಮಲಗಿಸಿದ. ಹೆಸರು ಹೇಳಿದ. ಒಂದು ಉಸಿರು ಬಿಟ್ಟ. ಅಷ್ಟೇ. ನಾನು ಅದರ ಕಾಲು ಹಿಡಿದುಕೊಂಡು ಕೂತಿದ್ದೆ. ಅದು ಪೂರ್ತಿ ಸುಮ್ಮನಾದ ಮೇಲೆ ಅಪ್ಪ ಕೇಳಿದ, "ಅಲ್ಲಿ ಹಿಂಗ ಕೊಯ್ತೀರೇನು?"

ಎಲ್ಲ ಹೇಳಿದೆ. ಕೊಕ್ಕೆ, ಕರೆಂಟಿನ ನೀರು, ಬ್ಲೇಡು, ಕ್ಯಾಸೆಟ್ಟು. ಕಾಲಿನ ಮೇಲಿನ ಕಲೆ ಏನೆಂಬುದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮೇಲೆ ನನಗೇ ಅಸಹ್ಯವಾಗಿ, ಕೊನೆಗೆ ತಲೆ ಎತ್ತಲಾಗಲಿಲ್ಲ. ಬೇಲಿಯಾಚೆಯಿಂದ ಪಕ್ಕದ ಮನೆಯವಳ ದನಿ ಬಂತು. "ಆರು ವರ್ಷ ನಮಗ ಏನ್ ತಿನಸಿದ್ರಿ ಅಣ್ಣಾರ?" ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಹಿಂಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅಪ್ಪ ಅಂಗಳದ ನಲ್ಲಿ ತಿರುಗಿಸಿದ. ಕೈ ತೊಳೆದ. ಆಮೇಲೆ ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ಗಂಟಲಿನ ಒಳಗಿನಿಂದ ಕ್ಯಾಕರಿಸಿ ಉಗುಳಿದ. ಮೂರು ವಾರದ ಅನ್ನವನ್ನೆಲ್ಲ ತೊಳೆದುಕೊಳ್ಳುವವನಂತೆ ಎಷ್ಟೋ ಹೊತ್ತು ಉಗುಳುತ್ತಿದ್ದ. ನಾನು ಪಕ್ಕದಲ್ಲೇ ಪುಕ್ಕ ಕೀಳುತ್ತ ಕೂತಿದ್ದೆ. ನಲ್ಲಿಯ ನೀರು ನನ್ನ ಕಾಲ ಕೆಳಗೆ ಹರಿದು ಬರುತ್ತಿತ್ತು.

ಮಾರನೆಯ ದಿನ ವ್ಯಾನ್ ಬಂದಾಗ ನಾನು ಹೋಗಲಿಲ್ಲ. ಈಗ ಏರ್‌ಪೋರ್ಟಿನ ಹತ್ತಿರ ಪೆಟ್ಟಿಗೆ ಎತ್ತುವ ಕೆಲಸ ಮಾಡುತ್ತೇನೆ. ಒಳಗೆ ಏನಿದೆಯೆಂದು ಯಾರೂ ನನ್ನನ್ನು ಕೇಳುವುದಿಲ್ಲ. ಆ ಕ್ಯಾಸೆಟ್ ನಾನು ಬಿಟ್ಟ ಮೇಲೂ ಓಡುತ್ತಿತ್ತೋ ಏನೋ. ಕ್ರೋಯ್ಡನ್ನಿನ ಆ ಬಿರಿಯಾನಿಯ ಕೋಳಿಯ ಮುಂದೆಯೂ ಯಾರದಾದರೂ ದನಿ ಗುಂಯ್‌ಗುಟ್ಟಿರಬಹುದು, ನನ್ನದೇ ಇದ್ದರೂ ಇರಬಹುದು. ಅದಕ್ಕೇ ನಾನು ಅನ್ನ ಸಾರಿನ ಸಾಲಿನಲ್ಲಿ ನಿಲ್ಲುತ್ತೇನೆ.

ಆ ರವಿವಾರದ ಊಟಕ್ಕೆ ಬರುತ್ತೇನೆ. ಹೇಂಟೆ ಮುದಿ, ಬೇಯಲು ಮಧ್ಯಾಹ್ನ ಎರಡು ಗಂಟೆಯಾಯಿತು. ಮನೆಯೆಲ್ಲ ಊರಿನ ವಾಸನೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಅಂಗಳದಲ್ಲಿ ನಡೆದದ್ದು ಗೊತ್ತಿರಲಿಲ್ಲ. ಚಾಕು ನನ್ನ ಕೈಗೆ ಕೊಟ್ಟದ್ದನ್ನು ಮಾತ್ರ ಕಿಟಕಿಯಿಂದ ನೋಡಿದ್ದಳು. ಅಪ್ಪನ ತಟ್ಟೆಗೆ ಕಾಲಿನ ತುಂಡು ಬಡಿಸಿ, ಕುತ್ತಿಗೆಯ ತುಂಡನ್ನು ನಗುತ್ತ ನನ್ನ ತಟ್ಟೆಗೆ ಹಾಕಿದಳು.

ನಾನು ಅದನ್ನು ಮುಟ್ಟಲಿಲ್ಲ. ಅಪ್ಪ ಕೈ ಚಾಚಿ ನನ್ನ ತಟ್ಟೆಯಿಂದ ಅದನ್ನು ಎತ್ತಿಕೊಂಡ.

"ಕೊಯ್ದಾವ ನಾನವ್ವಾ" ಎಂದು ಸೊಸೆಗೆ ಹೇಳಿದ.

ಆಮೇಲೆ ಅವನು ತಲೆ ತಗ್ಗಿಸಿ, ಎಲುಬನ್ನು ಕಟಕಟ ಅಗಿಯುತ್ತ, ನಿಧಾನವಾಗಿ ತಿಂದ.